ವಾಲದ ಸೇತುವೆ

ಕಳಸದ ಹತ್ತಿರದ ಹಳೆಯ ಸೇತುವೆಯ ಕಂಬಗಳು ಓರೆಯಾಗುತ್ತಿವೆಯೇ ಎಂದು ತಿಳಿಯಲು ಎಂಜಿನಿಯರ್ ಕವನಾ ಹೊಳೆದಂಡೆಯಲ್ಲಿ ಕ್ಯಾಮೆರಾ ನಿಲ್ಲಿಸಿದ್ದಳು. ಕೆಲವು ದಿನಗಳ ಚಿತ್ರಗಳನ್ನು ಹೋಲಿಸಿದಾಗ ನಡುವಿನ ಕಂಬ ತುಸು ವಾಲಿದಂತೆ ಕಂಡಿತು. ಅವಳು ಗಾಬರಿಯಾಗಿ ಅಂದೇ ಸೇತುವೆ ಮುಚ್ಚಿಸಿದಳು.

ಮರುದಿನ ಆಚೆ ದಡದ ಅಂಗಡಿಯ ಸೋಮಶೇಖರಪ್ಪನವರಿಗೆ ಎದೆನೋವು ಬಂತು. ಜೀಪು ಗುಡ್ಡ ಬಳಸಿಕೊಂಡು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವರ ಉಸಿರು ನಿಂತಿತ್ತು.

ಸುದ್ದಿ ಕೇಳಿದ ಕವನಾ ಚಿತ್ರಗಳನ್ನು ಮತ್ತೆ ತೆಗೆದು ನೋಡಿದಳು. ಕಂಬದ ಹಿಂದಿದ್ದ ದೊಡ್ಡ ಬಂಡೆಯೂ ಅಷ್ಟೇ ವಾಲಿದಂತಿತ್ತು. ಬಂಡೆ ವಾಲುವುದುಂಟೇ? ಮಳೆಗೆ ಮಣ್ಣು ಸಡಿಲವಾಗಿ ವಾಲಿದ್ದು ಅವಳ ಕ್ಯಾಮೆರಾ. ಮೊದಲ ದಿನವೇ ಆ ಬಂಡೆಯ ಕಡೆ ಕಣ್ಣು ಹಾಯಿಸಿದ್ದರೆ ಸಾಕಿತ್ತು.

ಅವಳು ಸೋಮಶೇಖರಪ್ಪನವರ ಹೆಂಡತಿ ಗಿರಿಜಾಂಬಾ ಅವರ ಬಳಿ ಹೋಗಿ ಎಲ್ಲವನ್ನೂ ಹೇಳಿದಳು. "ನಾನು ಸರಿಯಾಗಿ ನೋಡ್ಲಿಲ್ಲ ಅಮ್ಮಾ, ನನ್ನಿಂದ ತಪ್ಪಾಯ್ತು."

ಗಿರಿಜಾಂಬಾ, "ಸೇತುವೆ ಗಟ್ಟಿ ಇದ್ಯಾ?" ಎಂದು ಕೇಳಿದರು.

"ಇದೆ."

"ಹಂಗಾದ್ರೆ ಇನ್ನೂ ಯಾಕೆ ಮುಚ್ಚಿಟ್ಟಿದ್ದೀರಿ? ಹೋಗಿ ತೆಗೆಸಿ. ಇಲ್ಲಿ ಕೂತು ಅತ್ರೆ ಅವ್ರು ಬರಲ್ಲ."

ಸಂಜೆಯೊಳಗೆ ಜೀಪುಗಳು ಓಡಾಡತೊಡಗಿದವು. ಒಬ್ಬ ಡ್ರೈವರ್ ಗಾಡಿ ನಿಲ್ಲಿಸಿ ಹತ್ತಿಕೊಳ್ಳಿ ಎಂದ. ಕವನಾಳಿಗೆ ದಾಟಲು ಮನಸ್ಸಾಗಲಿಲ್ಲ.