ಎರಡು ಹಂಡೆ ಮೂಳೆಸಾರು

ಕೊರಿಯಾದ ನಮ್ಮ ಜೆಚೊನ್ ಊರಲ್ಲಿ ಆ ವರ್ಷ ಬಿದ್ದ ಚಳಿ ಬಗ್ಗೆ ನಾನು ಜಾಸ್ತಿ ಹೇಳಲ್ಲ, ಹೇಳಿದ್ರೆ ಸುಳ್ಳು ಅಂತೀರಿ. ಒಂದೇ ಒಂದು ಹೇಳ್ತೀನಿ. ಒಂದಿನ ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ನನ್ನ ನೆರಳು ನೆಲಕ್ಕೆ ಅಂಟ್ಕೊಂಡುಬಿಡ್ತು. ಬಸ್ ಬಂತು, ನಾನು ಹತ್ತಿ ಹೋದೆ. ಮಧ್ಯಾಹ್ನ ಸ್ವಲ್ಪ ಬಿಸಿಲು ಬಂದ್ಮೇಲೆ ಹೋಗಿ ಬಿಡಿಸ್ಕೊಂಡು ಬಂದೆ. ಅಷ್ಟೇ.

ಅಂಥ ಚಳೀಲಿ ಹೆಂಡತಿ ಮೂಳೆಸಾರು ಕುದಿಸೋಕೆ ಇಟ್ರೆ ಗಂಡ ಆದೋನು ಖುಷಿ ಪಡಬೇಕು. ಬೇರೆ ಕಡೆ ಪಡ್ತಾರೇನೋ. ನಮ್ಮಲ್ಲಿ ಐವತ್ತು ದಾಟಿದ ಗಂಡಸಿಗೆ ಆ ವಾಸನೆ ಮೂಗಿಗೆ ಬಡಿದ್ರೆ ಎದೆ ಧಸಕ್ ಅನ್ನುತ್ತೆ. ಯಾಕಂದ್ರೆ ದನದ ಮೂಳೆ ಇಟ್ಟು ಒಂದ್ಸಲ ಕುದಿಸಿದ್ರೆ ವಾರಗಟ್ಟಲೆ ಬರುತ್ತೆ. ಒಲೆ ಹಚ್ಚೋಕೆ ಬರೋ ಎಂಥ ಪೆದ್ದನೂ ಅದಕ್ಕೆ ಅನ್ನ ಹಾಕ್ಕೊಂಡು ಜೀವ ಉಳಿಸ್ಕೋಬಹುದು. ಅಂದ್ರೆ ಹೆಂಡತಿ ಊರು ಬಿಡ್ತಾಳೆ ಅಂತ ಅರ್ಥ. ಬಾಯಲ್ಲಿ ಯಾರೂ ಹೇಳಲ್ಲ. ಹಂಡೆ ಹೇಳುತ್ತೆ.

ನಮ್ಮ ಬೀದಿ ಕಟಿಂಗ್ ಶಾಪ್ ಬೊಂಗ್‌ಸಿಕಣ್ಣನ ಕಥೆ ಇಡೀ ಊರಿಗೆ ಗೊತ್ತು. ಅವನ ಹೆಂಡತಿ ಒಂದು ಹಂಡೆ ಕುದಿಸಿಟ್ಟು, ಗೆಳತಿಯರ ಜೊತೆ ಬಿಸಿನೀರಿನ ಬುಗ್ಗೆ ಕಡೆ ಹೋದ್ಲು. ಇಪ್ಪತ್ಮೂರು ದಿನ. ಇವನು ಹೊತ್ತು ಹೊತ್ತಿಗೆ ಅದನ್ನೇ ಕುಡಿದ. ಹನ್ನೆರಡನೇ ದಿನ ಗಂಟಲು ಸರಿ ಮಾಡ್ಕೊಳ್ಳೋಕೆ ಹೋದ್ರೆ ‘ಅಂಬಾ’ ಅಂತು. ಹೆದರಿ ಆಸ್ಪತ್ರೆಗೆ ಹೋಗಿ ಎಕ್ಸ್‌ರೇ ತೆಗೆಸಿದ್ರೆ ಪೂರ್ತಿ ಬೆಳ್ಳಗೆ ಬಂತು, ಮೂಳೆ ಬಿಟ್ಟು ಒಳಗೆ ಇನ್ನೇನೂ ಉಳಿದಿರಲಿಲ್ಲ. ಆ ಎಕ್ಸ್‌ರೇನ ಅಂಗಡಿ ಗೋಡೆಗೆ ಹಾಕಿದ್ದಾನೆ. ಬೇಕಾದ್ರೆ ಹೋಗಿ ನೋಡಿ.

ನನ್ನ ಹೆಂಡತಿ ಮಲ್‌ಸುಕ್ ಅಂಥೋಳಲ್ಲ ಅಂದ್ಕೊಂಡಿದ್ದೆ. ಇಪ್ಪತ್ತೆಂಟು ವರ್ಷದ ಸಂಸಾರ. ಅವತ್ತು ಬುಧವಾರ ಬೆಳಿಗ್ಗೆ ಬಚ್ಚಲಲ್ಲಿ ನೀರಿನ ಸದ್ದು ಕೇಳಿ ಇಣುಕಿ ನೋಡ್ತೀನಿ, ದೊಡ್ಡ ಟಬ್ಬಿನಲ್ಲಿ ಮೂಳೆ ನೆನೆ ಹಾಕಿ ರಕ್ತ ಬಿಡಿಸ್ತಿದ್ದಾಳೆ.

‘ಏನೇ ಇದು?’

‘ಮೂಳೆ.’

‘ಅದು ಕಾಣುತ್ತಲ್ಲ. ಯಾಕೆ ಅಂತ.’

‘ಚಳಿ ಅಲ್ವಾ.’

ಇಪ್ಪತ್ತೆಂಟು ವರ್ಷದಿಂದ ಇದೇ ಚಳಿ. ಆದ್ರೆ ಎರಡು ಮೂಳೆಗಿಂತ ಜಾಸ್ತಿ ಯಾವತ್ತೂ ಮನೆಗೆ ಬಂದಿರಲಿಲ್ಲ. ಈಗ ನಾಲ್ಕು ಕಾಲುಮೂಳೆ, ಎರಡು ಮಂಡಿ, ಒಂದು ಬಾಲ. ಒಲೆ ಮೇಲೆ ಕೂತಿದ್ದು, ಕಿಮ್ಚಿ ಉಪ್ಪಿನಕಾಯಿ ಹಾಕೋ ದಿನ ಎಲೆಕೋಸಿಗೆ ಉಪ್ಪು ಸವರೋಕೆ ಮಾತ್ರ ಹೊರಗೆ ತೆಗಿಯೋ ಹಂಡೆ. ನಾನು ಬೀಗ ರಿಪೇರಿ ಮಾಡೋನು. ಈ ಊರಲ್ಲಿ ನಾನು ತೆಗೀದೇ ಇರೋ ಬೀಗ ಒಂದೇ, ನನ್ನ ಹೆಂಡತಿ ಬಾಯಿ. ಸೀದಾ ಕಟಿಂಗ್ ಶಾಪಿಗೆ ನಡೆದೆ.

ಬೊಂಗ್‌ಸಿಕಣ್ಣ ಯಾರದೋ ಗಲ್ಲಕ್ಕೆ ನೊರೆ ಹಚ್ತಿದ್ದ. ‘ಕಾಲುಮೂಳೆ ಎಷ್ಟು?’ ಅಂದ, ಡಾಕ್ಟರ್ ಥರ.

‘ನಾಲ್ಕು.’

‘ಬಾಲ?’

‘ಒಂದು. ಪೂರ್ತಿ.’

ಅವನು ಬ್ರಷ್ ಕೆಳಗಿಟ್ಟ. ‘ಬಾಲ ಹಾಕಿದ್ದಾಳೆ ಅಂದ್ರೆ ಮನಸ್ಸು ಚುಚ್ತಿದೆ ಕಣೋ ತಮ್ಮಾ. ನಮ್ಮೋಳು ಬಾಲ ಹಾಕಿರಲಿಲ್ಲ, ಅದಕ್ಕೇ ವಾಪಸ್ ಬಂದ್ಲು. ಈರುಳ್ಳಿ ಸೊಪ್ಪು ಏನ್ಮಾಡಿದ್ದಾಳೆ?’

‘ಸೊಪ್ಪಿಗೂ ಇದಕ್ಕೂ ಏನಣ್ಣ ಸಂಬಂಧ?’

‘ಅಯ್ಯೋ ಪೆದ್ದೇ! ಸಾರಿನ ಮೇಲೆ ಸೊಪ್ಪು ಉದುರಿಸ್ಕೊಳ್ದೆ ಕುಡೀತೀಯಾ? ಹೆಚ್ಚಿ ಡಬ್ಬಿಗೆ ಹಾಕಿಟ್ಟಿದ್ರೆ ಡಬ್ಬಿ ಖಾಲಿ ಆಗೋ ಹೊತ್ತಿಗೆ ಬರ್ತಾಳೆ. ಬೇರು ಸಮೇತ ಕುಂಡದಲ್ಲಿ ನೆಟ್ಟಿದ್ರೆ…’ ನೊರೆ ಮುಖದ ಗಿರಾಕೀನೂ ತಿರುಗಿ ನನ್ನನ್ನ ನೋಡಿದ. ‘ಅದು ಕೊಯ್ದಷ್ಟೂ ಚಿಗುರುತ್ತೆ. ಅದಕ್ಕೆ ಕೊನೆ ಅನ್ನೋದಿಲ್ಲ.’

ಮನೆಗೆ ಓಡಿ ಬಂದು ಬಾಲ್ಕನಿ ಬಾಗಿಲು ತೆಗೆದೆ. ಹಳೇ ಬಕೆಟ್ಟಿನ ಮಣ್ಣಲ್ಲಿ ಹನ್ನೊಂದು ಈರುಳ್ಳಿ ಸೊಪ್ಪು, ಪೊಲೀಸ್ ಪೆರೇಡ್ ಥರ ನೆಟ್ಟಗೆ ನಿಂತಿದ್ವು.

ಆಮೇಲೆ ಎಲ್ಲಾ ಒಂದೊಂದೇ ಕಣ್ಣಿಗೆ ಬೀಳೋಕೆ ಶುರುವಾಯ್ತು. ಬೀರು ಹಿಂದೆ ತುಂಬಿಟ್ಟ ಕೈಚೀಲ. ಮೆಟ್ಟಿಲು ಹತ್ತುವಾಗ ಪ್ರತಿ ಮೆಟ್ಟಿಲಲ್ಲೂ ನಿಂತು ನಿಂತು ಹತ್ತೋಳು. ಇಷ್ಟು ವರ್ಷ ತುಳಿದ ಮೆಟ್ಟಿಲು, ಒಂದೊಂದಕ್ಕೂ ಹೋಗಿಬರ್ತೀನಿ ಹೇಳ್ತಿದ್ದಾಳೆ ಅಂದ್ಕೊಂಡೆ. ಗುರುವಾರ ಅವರಕ್ಕನ ಜೊತೆ ಫೋನಲ್ಲಿ ಪಿಸಪಿಸ. ನಾನು ಫ್ರಿಜ್ ಪಕ್ಕ ಫ್ರಿಜ್ ಥರ ನಿಂತು ಕೇಳಿಸ್ಕೊಂಡೆ.

‘ಸೋಮವಾರ ಅಕ್ಕಾ. ಹದಿನೈದು ದಿನ ಅಂತೂ ಖಂಡಿತ, ಜಾಸ್ತಿನೂ ಆಗಬಹುದು… ಇಲ್ಲಪ್ಪ, ಇವರಿಗೆ ಹೇಳಿಲ್ಲ. ಹೇಳಿದ್ರೆ ಮುಗೀತು.’

ಫೋನ್ ಇಟ್ಟವಳೇ ನನ್ನನ್ನ ಕರೆದು ರೈಸ್ ಕುಕ್ಕರ್ ಮುಂದೆ ನಿಲ್ಲಿಸಿದ್ಲು. ‘ರೀ, ಈ ಗುಂಡಿ ಒತ್ತಿ ನೋಡೋಣ.’

‘ನಾನ್ಯಾಕೆ ಒತ್ತಲಿ?’

‘ಬೆರಳಿದೆ ಅಲ್ವಾ, ಅದಕ್ಕೆ.’

ಒತ್ತಿದೆ. ಯಾಕೆ ಬಿಟ್ಟು ಹೋಗ್ತಿದ್ದಾಳೆ ಅಂತ ನನ್ನ ತಪ್ಪುಗಳನ್ನ ಒಂದೊಂದಾಗಿ ನೆನೆಸ್ಕೊಂಡೆ. ಇಪ್ಪತ್ತಾದ್ಮೇಲೆ ನಿಲ್ಲಿಸಿದೆ. ಅವಳಿಲ್ಲದ ಮನೇಲಿ ಆ ಈರುಳ್ಳಿ ಸೊಪ್ಪೂ ನಾನೂ ಎದುರುಬದುರು ಕೂತಿರೋದು ಕಣ್ಣಿಗೆ ಕಟ್ತು. ಏನಾದ್ರೂ ಮಾಡ್ಲೇಬೇಕಿತ್ತು.

ಮಲ್‌ಸುಕ್‌ದು ಒಂದು ಗುಣ, ಅರ್ಧಕ್ಕೆ ಬಿಟ್ಟ ಕೆಲಸ ಅಂತ ಅವಳ ಕೈಯಲ್ಲಿ ಇಲ್ಲ. ಮೂಳೆಸಾರನ್ನ ಮೂರು ಸಲ ಕುದಿಸಬೇಕು. ಒಂದು ಸಲ ಕುದಿಸಿ ಬಸಿದು ಎತ್ತಿಟ್ಟು, ಅದೇ ಮೂಳೆಗೆ ಹೊಸ ನೀರು ಹಾಕಿ ಮತ್ತೆ ಕುದಿಸಿ, ಮತ್ತೊಂದ್ಸಲ ಕುದಿಸಿ, ಮೂರನ್ನೂ ಬೆರೆಸಿದಾಗ ಹಾಲಿನ ಥರ ಬೆಳ್ಳಗಾಗಬೇಕು. ಆಗದಿದ್ರೆ ಒಲೆ ಆರಿಸಲ್ಲ ಅವಳು. ಒಲೆ ಆರಿಸದೆ ಮನೆ ಬಿಡಲ್ಲ. ಹಾಗಾಗಿ ಅವಳು ಬಾಲ್ಕನಿಗೆ ಹೋದಾಗೆಲ್ಲ ನಾನು ಹಂಡೆಗೆ ಒಂದು ಕೆಟಲ್ ನೀರು ಸುರಿಯೋಕೆ ಶುರು ಮಾಡಿದೆ.

ಶುಕ್ರವಾರ ಮಧ್ಯಾಹ್ನ ಆದ್ರೂ ಸಾರು ಅಕ್ಕಿ ತೊಳೆದ ನೀರಿನ ಥರಾನೇ ಇತ್ತು. ಅವಳು ಸೌಟಲ್ಲಿ ಎತ್ತಿ ನೋಡಿದ್ಲು. ಮೂಸಿದ್ಲು. ‘ಆ ಚೋ ನನ್ಮಗ ನನಗೆ ಮುದಿ ಹಸು ಮೂಳೆ ತಗಲಾಕಿದ್ದಾನೆ!’ ಅಂದವಳೇ ಒಂದು ಮೂಳೆ ಕೈಲಿ ಹಿಡ್ಕೊಂಡು ಬೀದಿ ಕೊನೆ ಮಾಂಸದಂಗಡಿಗೆ ಹೊರಟ್ಲು. ಗೋಡೆ ಹಿಡ್ಕೊಂಡು ಹಿಡ್ಕೊಂಡು ನಡೆದ್ಲು. ಸಿಟ್ಟಿಗೆ ಕಣ್ಣು ಕಾಣ್ತಿಲ್ಲ ಅಂದ್ಕೊಂಡೆ.

ಮಾಂಸದಂಗಡಿ ಚೋ ಪಾಪ, ತನ್ನ ಏಳು ತಲೆಮಾರಿನ ಮೇಲೆ ಆಣೆ ಇಟ್ಟ. ಆದ್ರೂ ಬಾಯಿ ಮುಚ್ಚಿಸೋಕೆ ಇನ್ನೂ ನಾಲ್ಕು ಮೂಳೆ ಸುಮ್ನೆ ಕೊಟ್ಟ. ಅದನ್ನ ಹಾಕೋಕೆ ಬೊಂಗ್‌ಸಿಕಣ್ಣನ ಮನೆಯಿಂದ ಎರಡನೇ ಹಂಡೆ ಬಂತು. ನಾನು ನೀರು ಹಾಕಿದಷ್ಟೂ ಸಾರು ಜಾಸ್ತಿ ಆಯ್ತು, ಸಾರು ಜಾಸ್ತಿ ಆದಷ್ಟೂ ನನ್ನ ಒಂಟಿತನದ ದಿನ ಬೆಳೀತು. ಶನಿವಾರ ಲೆಕ್ಕ ಹಾಕಿದ್ರೆ, ಬೇಸಿಗೇಲಿ ಹೊಲದಲ್ಲಿ ಬಾರ್ಲಿ ಕೊಯ್ಯೋ ತನಕ ಅವಳು ಬರೋ ಹಾಗೇ ಇರಲಿಲ್ಲ. ಮನೆ ತುಂಬಾ ಹಬೆ. ಮೇಲಿನ ಮನೆಯವರು ಮೂರು ದಿನ ಪಲ್ಯ ಮಾಡ್ಲಿಲ್ಲ, ಕಿಟಕಿ ತೆಗೆದು ನಮ್ಮ ವಾಸನೆ ನಂಜ್ಕೊಂಡು ಬರೀ ಅನ್ನ ತಿಂದ್ರು.

ಭಾನುವಾರ ಬೆಳಿಗ್ಗೆ ಕೆಟಲ್ ಎತ್ತಿ ಸುರೀತಿದ್ದೆ. ಹಬೆ ಆ ಕಡೆಯಿಂದ ಒಂದು ಧ್ವನಿ ಬಂತು.

‘ರೀ.’

ನಾನು ಕೆಟಲ್ ಹಾಗೇ ಹಿಡ್ಕೊಂಡು ನಿಂತೆ. ನೀರು ಬೀಳ್ತಾನೇ ಇತ್ತು.

‘ಏನ್ಮಾಡ್ತಿದ್ದೀರಿ?’

‘ನೀರು… ಕಮ್ಮಿ ಆಗಿತ್ತು.’

‘ಗುರುವಾರದಿಂದ ಕಮ್ಮಿ ಆಗ್ತಾನೇ ಇದೆಯಾ?’

ಇನ್ನು ಮುಚ್ಚಿಟ್ಟು ಪ್ರಯೋಜನ ಇರಲಿಲ್ಲ. ‘ಹೋಗೋದಾದ್ರೆ ಹೋಗೇ,’ ಅಂದೆ. ‘ನಾನು ತಡಿಯಲ್ಲ. ಯಾರ ಜೊತೆ ಅಂತ ಒಂದು ಮಾತು ಹೇಳಿ ಹೋಗು.’

‘ಯಾರ ಜೊತೆ? ಡಾಕ್ಟರ್ ಹತ್ರ ಹೋಗ್ತಿದ್ದೀನಿ.’

ನಾನು ನೆಲಕ್ಕೇ ಕೂತ್ಕೊಂಡೆ. ‘ಎಂಥ ಡಾಕ್ಟರು?’

‘ಮೂಳೆ ಡಾಕ್ಟರು.’

‘ಎಷ್ಟು ವಯಸ್ಸು ಅವನಿಗೆ?’

ಅವಳು ಪ್ಯಾಂಟನ್ನ ಮಂಡಿ ತನಕ ಎತ್ತಿದ್ಲು. ಮಂಡಿ ಊದ್ಕೊಂಡು ಸಿಹಿಗುಂಬಳದಷ್ಟು ಆಗಿತ್ತು. ಇದು ನಾನು ಉಪ್ಪುಖಾರ ಹಚ್ಚಿ ಹೇಳ್ತಿರೋದಲ್ಲ.

‘ನಾಳೆ ಆಪರೇಷನ್. ಹದಿನೈದು ದಿನ ಅಲ್ಲೇ ಇರಬೇಕಂತೆ.’

‘ಮತ್ತೆ… ಈ ಸಾರು?’

‘ನನಗೆ ಕಣ್ರೀ, ನನಗೆ! ಮೂಳೆ ಕೂಡ್ಬೇಕಾದ್ರೆ ಮೂಳೆಸಾರು ಕುಡೀಬೇಕು ಅಂತ ನಿಮ್ಮಮ್ಮ ಬಾಯಿಪಾಠ ಹೇಳ್ತಿರ್ಲಿಲ್ವಾ? ಕುದಿಸಿ ಕೊಡೋರು ಯಾರು, ನೀವಾ? ಅದಕ್ಕೇ ನನ್ನ ಸಾರು ನಾನೇ ಮಾಡಿಟ್ಟು ಹೋಗೋಣ, ಇವರು ಬಿಸಿ ಮಾಡಿ ತಂದ್ರೆ ಸಾಕು, ಸೊಪ್ಪು ಫ್ರೆಶ್ ಆಗಿರ್ಲಿ ಅಂತ ನೆಟ್ಟೆ. ನೋಡಿದ್ರೆ ನೀವು ಕೊಳ ತುಂಬಿಸ್ತಿದ್ದೀರಿ!’

‘ಒಂದು ಮಾತು ಹೇಳಬಾರದಿತ್ತಾ?’

‘ಹೇಳ್ತಿದ್ದೆ. ನನ್ನ ಹಲ್ಲು ಕೀಳಿಸಿದ ದಿನ ಏನ್ಮಾಡಿದ್ರಿ?’

ಅದನ್ನ ಎತ್ತಬಾರದಿತ್ತು ಅವಳು. ಅವತ್ತು ನಾನು ಕಣ್ಣು ಕತ್ತಲೆ ಬಂದು ಹೊರಗಡೆ ಬೆಂಚಿನಿಂದ ಸ್ವಲ್ಪ ಜಾರಿದ್ದೆ. ಡಾಕ್ಟರು ಇವಳ ಹಲ್ಲು ಅರ್ಧ ಕಿತ್ತು ಬಿಟ್ಟು ನನ್ನ ಕಡೆ ಓಡಿ ಬಂದ್ರು. ಉಳಿದರ್ಧ ಇವಳೇ ಕಿತ್ಕೊಂಡು, ನನ್ನನ್ನ ಬೆನ್ನ ಮೇಲೆ ಹಾಕ್ಕೊಂಡು ಮನೆಗೆ ಬಂದ್ಲು.

ಹಂಡೆ ನೋಡಿದ ತಕ್ಷಣ ಹೋಗೋರು ಯಾರು ಅಂತ ಮಾತ್ರ ಯೋಚಿಸಿದ್ದೆ. ಕುಡಿಯೋರು ಯಾರು ಅಂತ ಒಂದ್ಸಲನೂ ಕೇಳಿರಲಿಲ್ಲ. ಮೆಟ್ಟಿಲಲ್ಲಿ ನಿಂತು ನಿಂತು ಹತ್ತಿದ್ದು, ಗೋಡೆ ಹಿಡಿದು ನಡೆದಿದ್ದು, ಎಲ್ಲಾ ಕಣ್ಣಾರೆ ಕಂಡಿದ್ದೆ. ಬೀಗ ನೋಡಿ ಬೀಗದ ಕೈ ಹೇಳೋನು ನಾನು.

ಸೋಮವಾರ ಅವಳನ್ನ ಆಸ್ಪತ್ರೆಗೆ ಸೇರಿಸಿದೆ. ಈ ಸಲ ನಾನು ಬಿದ್ದಿಲ್ಲ. ಗೋಡೆಗೆ ಒರಗಿದ್ದೆ, ಅಷ್ಟೇ. ಮಂಗಳವಾರ ಅಂಗಡಿಗೆ ಬೀಗ ಹಾಕಿ, ಆ ನೀರುಸಾರನ್ನೆಲ್ಲ ಮೇಲಿನ ಮನೆಯವರಿಗೆ ಕೊಟ್ಟು, ಚೋ ಅಂಗಡಿ ಮುಂದೆ ನಿಂತೆ. ‘ನಾಲ್ಕು ಕಾಲುಮೂಳೆ, ಎರಡು ಮಂಡಿ, ಒಂದು ಬಾಲ,’ ಅಂದೆ. ಸಾಲಲ್ಲಿದ್ದ ಹೆಂಗಸರು ಮಾತು ನಿಲ್ಲಿಸಿದ್ರು.

‘ನೋಡ್ರೇ, ಬಾಲನೂ ತಗೊಳ್ತಿದ್ದಾನೆ,’ ಅಂದ್ಲು ಒಬ್ಬಳು. ‘ಪಾಪ ಮಲ್‌ಸುಕ್, ಆಸ್ಪತ್ರೇಲಿ ಮಲಗಿರುವಾಗ್ಲೇ…’

ಮೂಳೆ ಮನೆಗೆ ತಂದೆ. ನೆನೆ ಹಾಕಿದೆ, ರಕ್ತ ಬಿಡಿಸಿದೆ, ಮೊದಲ ಕುದಿ ಚೆಲ್ಲಿದೆ. ಆಮೇಲೆ ಮೂರು ಸಲ ಕುದಿಸಿದೆ. ಮೇಲೆ ಕಟ್ಟೋ ಜಿಡ್ಡನ್ನ ಸೌಟಲ್ಲಿ ತೆಗೆದೂ ತೆಗೆದೂ ಬಲಗೈ ಎಡಗೈಗಿಂತ ಒಂದು ಗೇಣು ಉದ್ದ ಆಗಿದೆ. ಗುರುವಾರ ಫ್ಲಾಸ್ಕಿಗೆ ತುಂಬ್ಕೊಂಡು, ಸೊಪ್ಪು ಕೊಯ್ದು ಕಟ್ಕೊಂಡು ಹೋದೆ.

ಮಲ್‌ಸುಕ್ ಕಾಲು ಎತ್ತರಕ್ಕೆ ಇಟ್ಕೊಂಡು ಮಲಗಿದ್ಲು. ಬಟ್ಟಲಿಗೆ ಬಗ್ಗಿಸಿದೆ. ಹಾಲಿನ ಥರ ಬೆಳ್ಳಗಿತ್ತು. ಉಪ್ಪು ಉದುರಿಸ್ಕೊಂಡು ಒಂದು ಚಮಚ ಕುಡಿದ್ಲು. ಕಣ್ಣು ಮುಚ್ಚಿದ್ಲು. ಇನ್ನೊಂದು ಚಮಚ ಕುಡಿದ್ಲು. ಅಳ್ತಾಳೇನೋ ಅಂದ್ಕೊಂಡೆ. ಆದ್ರೆ ಚಮಚ ಮೆಲ್ಲಗೆ ಕೆಳಗಿಟ್ಟು, ನನ್ನನ್ನ ಕಾಲಿಂದ ತಲೆ ತನಕ ನೋಡಿದ್ಲು.

‘ನಿಜ ಹೇಳ್ರೀ,’ ಅಂದ್ಲು. ‘ಎಲ್ಲಿಗೆ ಹೊರಟಿದ್ದೀರಿ?’