ನಾಲ್ಕು ಮನೆಯ ಹಳಿ

ಚೆಂಡಿಯಾ ಊರಿನ ಮೂಲಮನೆಯ ಜಾಗ ನೌಕಾನೆಲೆಗೆ ಹೋಗಿ ಐದಾರು ವರ್ಷವಾಗಿತ್ತು. ಮನೆ ನಾಲ್ಕಾದರೂ ಆ ಕುಟುಂಬಕ್ಕೆ ಚೌತಿಯ ಗಣಪತಿ ಮಾತ್ರ ಒಂದೇ. ಅದು ಹಿರಿಯ ರಾಮನಾಥನ ಅಮದಳ್ಳಿಯ ಮನೆಯಲ್ಲಿ ಕೂರುತ್ತಿತ್ತು. ಈ ಸಲ ಅಂಕೋಲೆಯ ತಮ್ಮ ಗುರುಪ್ರಸಾದ ಫೋನಿನಲ್ಲಿ ತಕರಾರು ತೆಗೆದ.

“ಮಳೆಲಿ ಎಲ್ಲಾರ್ನೂ ಕಟ್ಕಂಡು ಬರೂದು ಆಗೂದಿಲ್ಲ ದಾದಾ. ಈ ಸಲ ಬತ್ತೆ. ಮುಂದಿನ ವರ್ಷ ನಮ್ಮನೇಲೇ ಒಂದು ಸಣ್ಣ ಮೂರ್ತಿ ಇಟ್ಕಂತೆ.”

ರಾಮನಾಥ ರೇಡಿಯೋ ರಿಪೇರಿ ಮಾಡಿ ಬದುಕಿದವನು. ಗೊರಗೊರ ಅನ್ನುವ ಸೆಟ್ಟನ್ನು ಬಡಿದು ಸರಿಮಾಡುವ ಚಟ ಅವನಿಗಿರಲಿಲ್ಲ.

“ಆಯ್ತು. ಆದ್ರೆ ಈ ಸಲ ಗಣಪತಿ ಸುತ್ತ ರೈಲು ಓಡಿಸ್ಬೇಕು ಅಂತ ಇದ್ದೆ. ನಿಂಗೂ ಒಂದು ಪಾಲು ಕೆಲಸ ಇದೆ.”

“ರೈಲಾ?”

“ಅವ ಇಲಿ ಮೇಲೆ ಎಷ್ಟು ದಿನಾ ಓಡಾಡೂದು ಮಾರಾಯಾ!”

ಮುಂಬೈಯಿಂದ ತರಿಸಿದ, ಹಳಿಯಿಂದಲೇ ಕರೆಂಟು ಎಳೆದು ಓಡುವ ಸಣ್ಣ ಇಂಜಿನ್ನು ಕಪಾಟಿನಲ್ಲಿತ್ತು. ರಾಮನಾಥ ದುಂಡಗಿನ ಪ್ಲೈವುಡ್ ಹಲಗೆಯನ್ನು ನಾಲ್ಕು ತುಂಡು ಮಾಡಿ ಮನೆಗೊಂದರಂತೆ ಕಳಿಸಿದ. ಜೊತೆಗೆ ಹಳಿಗೆ ವೆಲ್ಡಿಂಗಿನವರ ಹಿತ್ತಾಳೆ ಸಲಾಕೆ, ಅದರಡಿ ಅಡ್ಡಪಟ್ಟಿಗೆ ಬಿದಿರಿನ ಸೀಳು. ಎರಡು ಹಳಿಯ ನಡುವಿನ ಅಂತರ ಅಳೆಯಲು ಕಟ್ಟಿಗೆಯ ತುಂಡು ಮಾತ್ರ ಒಂದೇ ಕೊಟ್ಟ. ಒಬ್ಬರ ಕೆಲಸ ಮುಗಿದ ಮೇಲೆ ಮತ್ತೊಬ್ಬರಿಗೆ ಮುಟ್ಟಿಸಬೇಕು.

“ನೀವೊಬ್ರೇ ಮಾಡಿರೆ ಯಾವಾಗ್ಲೋ ಮುಗೀತಿತ್ತು,” ಎಂದಳು ಹೆಂಡತಿ ವನಮಾಲಾ. “ಗುರು ಕೈಲಿ ಕೊಟ್ರೆ ಅದು ಹಳಿ ಅಲ್ಲ, ಹಾಗಲಬಳ್ಳಿ ಆಗ್ತದೆ.”

“ನಾನೊಬ್ನೇ ಮಾಡಿರೆ ಅದು ನನ್ನ ರೈಲು.”

ಚೌತಿಯ ಹಿಂದಿನ ದಿನ ಎಲ್ಲರೂ ಬಂದು ಹಲಗೆ ಜೋಡಿಸಿದರು. ಕಾರವಾರದ ತಮ್ಮ ವಿಕಾಸ ಕೊಡೆಯ ಕಡ್ಡಿಯಿಂದ ಕಾಳಿ ನದಿಯ ಸೇತುವೆ ಕಟ್ಟಿದ್ದ. ತೀರಿಹೋದ ತಮ್ಮನ ಹೆಂಡತಿ ನಿಶಾ ತಾನಿರುವ ಸುಂಕಸಾಳದ ಗುಡ್ಡವನ್ನು ಹಾವಸೆಯಲ್ಲಿ ಹೊದಿಸಿ ತಂದಿದ್ದಳು. ರೈಲು ಕಾಣದ ಊರಿಗೆ ಸುರಂಗವನ್ನೂ ಕೊರೆದಿದ್ದಳು. ಗುರುಪ್ರಸಾದನದು ಅಂಕೋಲಾ ಸ್ಟೇಷನ್ನು, ಹಳಿಯ ನಡುವೆ ಜಲ್ಲಿಯ ಬದಲು ಮೈದಾ ಅಂಟಿನಲ್ಲಿ ಕೂರಿಸಿದ ನುಣ್ಣನೆಯ ಹೊಯ್ಗೆ ಮರಳು.

ಇಂಜಿನ್ನು ಸೇತುವೆ ದಾಟಿತು, ಸುರಂಗ ನುಗ್ಗಿ ಹೊರಬಂತು, ಅಂಕೋಲೆಗೆ ಬಂದು ನಿಂತೇಬಿಟ್ಟಿತು. ಬೆರಳಲ್ಲಿ ನೂಕಿದರೆ ಗೇಣುದ್ದ ಹೋಗಿ ಮತ್ತೆ ನಿಂತಿತು.

“ಅಂಕೋಲೆಲಿ ಇವತ್ತು ಬಂದ್ ಏನಾ ಗುರು?” ವಿಕಾಸ ನಕ್ಕ.

ಗುರುಪ್ರಸಾದನ ಮುಖ ಕೆಂಪಾಯಿತು. “ಕಿತ್ತು ಬದಿಗಿಡಿ ನಂದು. ಮುಂದಿನ ವರ್ಷಕ್ಕಂತೂ ಬೇಡಲ್ಲ.”

ಇಲ್ಲಿ ತಪ್ಪಿದರೆ ಗಣಪತಿ ಎರಡಾಗುವುದು ಖಂಡಿತ ಎಂದು ರಾಮನಾಥನಿಗೆ ಅನಿಸಿತು. ಅವನು ಅವಸರ ಮಾಡಲಿಲ್ಲ. ವೈರಿನ ಬೆಸುಗೆ ನೋಡಿದ, ಗಟ್ಟಿಯಿತ್ತು. ಆದರೆ ಹಳಿ ಉದ್ದಕ್ಕೂ ಹಸಿರುಗಟ್ಟಿತ್ತು. ಅದರ ಮೇಲೆ ಗಾಲಿಗೆ ಕರೆಂಟು ಸಿಗುವುದು ಹೇಗೆ? ಚಿಟಿಕೆ ಹೊಯ್ಗೆಯನ್ನು ನಾಲಿಗೆಗಿಟ್ಟುಕೊಂಡ. ಉಪ್ಪುಪ್ಪು. ಮಳೆಗಾಲದ ಗಾಳಿಯಲ್ಲಿ ಆ ಉಪ್ಪು ನೀರೆಳೆದುಕೊಂಡು ಹಿತ್ತಾಳೆಯನ್ನು ತಿಂದಿತ್ತು.

“ಹೊಯ್ಗೆ ಎಲ್ಲಿದಾ?”

ಗುರುಪ್ರಸಾದ ಬಾಗಿಲ ಕಡೆ ನೋಡಿದ. “ಚೆಂಡಿಯಾದ್ದು. ಮನೆ ಬಿಡೂ ದಿನ ಡಬ್ಬಿಲಿ ತುಂಬ್ಕಂಡಿದ್ದೆ.”

ವಿಕಾಸನ ನಗು ನಿಂತಿತು. ಆ ಕಡಲತೀರಕ್ಕೆ ಈಗ ನೌಕಾನೆಲೆಯ ಬೇಲಿ ಬಿದ್ದಿತ್ತು.

ಅದನ್ನು ಚೆಲ್ಲಿ ಹೊಳೆಯ ಮರಳು ಹಾಕಿದರೆ ಕೆಲಸ ಸಲೀಸು. ರಾಮನಾಥ ಆ ಮಾತನ್ನು ನುಂಗಿಕೊಂಡು ಹೆಂಡತಿಯ ಕಡೆ ತಿರುಗಿದ. “ಇದ್ರ ಉಪ್ಪು ಬಿಡ್ಸೂದು ಹೆಂಗೆ?”

ವನಮಾಲಾ ನಾಳೆಯ ಪೂಜೆಗೆ ಹಿತ್ತಾಳೆಯ ಸಮೆ ದೀಪ ತಿಕ್ಕುತ್ತಿದ್ದಳು. “ಉಪ್ಪಲ್ಲಿಟ್ಟ ಮಾವಿನಕಾಯಿಗೆ ಬಿಡ್ಸೂಕಿಲ್ವಾ? ನೀರು ಬದಲಿಸ್ತಾ ಇರೂದು, ನಾಲಿಗೆಗೆ ಹಚ್ಚಿ ನೋಡೂದು. ಹಳಿ ಇಲ್ಲಿ ತನ್ನಿ, ಹುಣಸೆಹಣ್ಣು ಕೈಲೇ ಇದೆ.”

ಒದ್ದೆ ಬಟ್ಟೆಯಿಂದ ಮೈದಾ ಅಂಟನ್ನು ನೆನೆಸಿ ಹೊಯ್ಗೆಯನ್ನು ಎಬ್ಬಿಸಿದರು. ಬಾವಿಯ ನೀರಲ್ಲಿ ತೊಳೆದರು. ಒಬ್ಬೊಬ್ಬರೂ ರುಚಿ ನೋಡಿ ಮುಖ ಕಿವುಚಿದರು, ಮತ್ತೆ ತೊಳೆದರು. ಗುರುಪ್ರಸಾದ ಕೊನೆಗೆ ಸಪ್ಪೆ ಎಂದ ಮೇಲೆಯೇ ನಿಶಾ ಅದನ್ನು ಹಳೆಯ ಬಾಣಲೆಗೆ ಹಾಕಿ ಹುರಿಯತೊಡಗಿದಳು.

“ನಾಳೆ ನೈವೇದ್ಯಕ್ಕೆ ಹೊಯ್ಗೆ ಉಂಡಿನಾ ವಯನಿ?” ಎಂದು ಅತ್ತಿಗೆಯನ್ನು ಛೇಡಿಸಿದ ಗುರುಪ್ರಸಾದ.

“ನಿಂಗೆ ಎರಡು ಹೆಚ್ಚಿಗೆ ಇಡ್ತೆ, ಸುಮ್ನಿರು.”

ಮರುದಿನ ಆರತಿಯ ಹೊತ್ತಿಗೆ, ಮೇಲೆ ಕಾಯಿಹಣ್ಣು ತೂಗುಬಿಟ್ಟ ಮಾಟವಳಿಯ ಚೌಕಟ್ಟು, ಕೆಳಗೆ ಗಣಪತಿ, ಸುತ್ತ ಡಬ್ಬಿಯಲ್ಲಿ ಕರ್ಜಿಕಾಯಿಯಂಥ ನೇವ್ರಿ ಹೊತ್ತ ರೈಲು. ಹುಣಸೆಯಲ್ಲಿ ತಿಕ್ಕಿದ ಹಳಿ ಬಂಗಾರದಂತಿತ್ತು. ಚೆಂಡಿಯಾದ ಹೊಯ್ಗೆಯ ನಡುವೆ ರೈಲು ಒಂದಿಷ್ಟೂ ತಡವರಿಸದೆ ಓಡಿತು. ವೇಗದ ಗುಂಡಿ ತಿರುಗಿಸುತ್ತಿದ್ದವನು ಗುರುಪ್ರಸಾದ. ಬೇರೆ ಯಾರಿಗೂ ಮುಟ್ಟಗೊಡಲಿಲ್ಲ.

ಗಣಪತಿಯನ್ನು ನೀರಿಗೆ ಬಿಟ್ಟು ಬಂದ ಮೇಲೆ ರಾಮನಾಥ ಹಲಗೆ ಬಿಚ್ಚಿ ಅವರವರದನ್ನು ಅವರವರಿಗೆ ಕೊಟ್ಟ. ಇಂಜಿನ್ನನ್ನು ಹಳೆಯ ಪಂಚೆಯಲ್ಲಿ ಸುತ್ತಿ ಗುರುಪ್ರಸಾದನ ಕೈಗಿಟ್ಟ.

“ಇದು ನನ್ಹತ್ರ ಇದ್ರೆ ನೀವು ಎಂತಾ ಓಡಿಸ್ತ್ರಿ?”

“ಎಂತದೂ ಇಲ್ಲ. ನೀ ತಂದ್ರೇ ಓಡೂದು.”

ಗುರುಪ್ರಸಾದ ಪಂಚೆಯ ಗಂಟನ್ನು ಬಗಲಿಗೆ ಸೇರಿಸಿಕೊಂಡ. “ಭಾರೀ ಶಾಣ್ಯಾ ಇದ್ದಿ ನೀನು.”

ಹಲಗೆಗೆ ಪ್ಲಾಸ್ಟಿಕ್ ಸುತ್ತಿ ಸ್ಕೂಟರಿಗೆ ಬಿಗಿದ. ಕಿಕ್ ಹೊಡೆದವನು ಮತ್ತೆ ಕೈಚಾಚಿದ.

“ಆ ಅಳತೆ ತುಂಡು ಕೊಡಾ ದಾದಾ. ಬರೂ ವರ್ಷ ಅಂಕೋಲೆಗೆ ಒಂದೇ ಲೈನು ಸಾಲೂದಿಲ್ಲ.”