ಹಾರ್ಲನ್ ಕಾರಿಗೆ ಉಸಿರು

ನನ್ನ ಗಂಡ ಡ್ವೈಟ್ ನೀರಿನ ಇಲಾಖೆಯಿಂದ ನಿವೃತ್ತನಾಗಿ ಸೀದಾ ನನ್ನ ಅಡುಗೆಮನೆಗೆ ವರ್ಗವಾಗಿ ಬಂದ. ಬಂದವನು ಸುಮ್ಮನೆ ಕೂರಲಿಲ್ಲ. ಮಸಾಲೆ ಡಬ್ಬಿಗಳನ್ನು ಅಕ್ಷರಮಾಲೆಯ ಪ್ರಕಾರ ಜೋಡಿಸಿದ. ಫ್ರಿಜ್ಜಿನ ಬಾಗಿಲು ತೆಗೆದಾಗಲೆಲ್ಲ ಎಷ್ಟು ಕರೆಂಟು ದಂಡ ಎಂದು ಉಪದೇಶ ಮಾಡಿದ. ಇಷ್ಟು ಮಾತು ನನಗೆ ಮಾತ್ರ. ಹೊರಗಿನವರ ಜತೆ ತುಟಿ ಬಿಚ್ಚುತ್ತಿರಲಿಲ್ಲ. ಯಾರೂ ಅವನನ್ನು ಹುಡುಕಿಕೊಂಡು ಬರುತ್ತಲೂ ಇರಲಿಲ್ಲ. ಕಿಟಕಿಯ ಹತ್ತಿರ ನಿಂತು ಪಕ್ಕದ ಮನೆಯವರು ಹುಲ್ಲು ಕತ್ತರಿಸುವುದನ್ನು ನೋಡುತ್ತಿದ್ದ ಅವನನ್ನು ಕಂಡರೆ ನನಗೆ ಸಿಟ್ಟೂ ಬರುತ್ತಿತ್ತು, ಕರುಳೂ ಚುರುಕ್ಕೆನ್ನುತ್ತಿತ್ತು.

ಆದ್ದರಿಂದ ಹಾರ್ಲನ್ ಸಂಘದವರು ಅವನನ್ನು ಕರೆದಾಗ ನಾನೇ ಮುಂದೆ ನಿಂತು ಕಳಿಸಿಕೊಟ್ಟೆ. ಹಾರ್ಲನ್ ಕಾರು ತಯಾರಾಗುತ್ತಿದ್ದದ್ದು ನಮ್ಮ ಓಹಾಯೋದ ಈ ಸಣ್ಣ ಊರಲ್ಲೇ. ಕಾರ್ಖಾನೆ ಎಪ್ಪತ್ತರ ದಶಕದಲ್ಲಿ ಮುಚ್ಚಿತು, ಈಗ ಅಲ್ಲಿ ಹಾಸಿಗೆ ಮಾರುವ ಅಂಗಡಿಯಿದೆ. ಕಾರ್ಖಾನೆ ಹೋದರೂ ಅಭಿಮಾನ ಹೋಗಲಿಲ್ಲ. ಊರಿನ ಅರ್ಧಕ್ಕರ್ಧ ಮುದುಕರ ಶೆಡ್ಡಿನಲ್ಲಿ ಒಂದೊಂದು ಹಾರ್ಲನ್ ಇದೆ. ಡ್ವೈಟನ ಹತ್ತಿರವೂ ಅವನಪ್ಪನ ಕಾಲದ್ದೊಂದು ಇತ್ತು, ಟಾರ್ಪಾಲಿನ ಕೆಳಗೆ ಇಲಿ ಸಾಕಿಕೊಂಡು.

ಸಂಘಕ್ಕೆ ಒಂದು ಶಾಸ್ತ್ರವಿದೆ. ಬೇಸಿಗೆಯ ಭಾನುವಾರಗಳಲ್ಲಿ ಚರ್ಚು ಮುಗಿದ ಮೇಲೆ ಎಲ್ಲ ಕಾರುಗಳೂ ಸಾಲಾಗಿ ಕೆರೆಯ ಕಡೆಗೆ ಹೊರಡುತ್ತವೆ, ಅಲ್ಲಿನ ಹೋಟೆಲಿನಲ್ಲಿ ಚೆರ್ರಿ ಪೈ ತಿನ್ನಲು. ಅರ್ಧ ದಾರಿಯಲ್ಲಿ, ಪಾಳುಬಿದ್ದ ಜೋಳದ ಗೋದಾಮಿನ ಮುಂದೆ, ಎಲ್ಲರೂ ನಿಲ್ಲಿಸಿ ಇಳಿದು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಸಡಿಲಿಸಬೇಕು. ಇದಕ್ಕೆ ಅವರು 'ಉಸಿರು ಕೊಡೋದು' ಅನ್ನುತ್ತಾರೆ. ಯಾಕೆಂದರೆ ಅಷ್ಟು ದೂರ ಬರುವ ಹೊತ್ತಿಗೆ ಹಾರ್ಲನ್ ಕೆಮ್ಮುತ್ತದೆ, ಮುಗ್ಗರಿಸುತ್ತದೆ, ನಿಂತೇ ಹೋಗುತ್ತದೆ. ಮುಚ್ಚಳ ತಿರುಗಿಸಿದರೆ ಉಸ್ಸೆಂದು ಗಾಳಿ ಒಳಗೆ ಹೋಗಿ ಮತ್ತೆ ಹೊರಡುತ್ತದೆ.

"ಹಾರ್ಲನ್ ಅಂದ್ರೆ ಬೇಟೆನಾಯಿ ಜಾತಿ ತಾಯಿ. ಓಡಿದ್ಮೇಲೆ ಏದುಸಿರು ಬಿಡ್ಲೇಬೇಕು," ಎಂದು ಸಂಘದ ಅಧ್ಯಕ್ಷ ಮರ್ಲ್ ಸ್ಟೌಟ್ ನನಗೆ ವಿವರಿಸಿದ್ದ. ಆ ಮಾತನ್ನು ಬನಿಯನ್ನುಗಳ ಮೇಲೆ ಅಚ್ಚು ಹಾಕಿಸಿಕೊಂಡು ಎಲ್ಲರೂ ತೊಟ್ಟುಕೊಂಡಿದ್ದರು.

ಆ ಚಳಿಗಾಲ ಡ್ವೈಟ್ ತನ್ನ ಕಾರನ್ನು ಬಿಚ್ಚಿ ಹರಡಿದ. ಬಿಚ್ಚುವ ಮುಂಚೆ ಒಂದೊಂದು ಪೈಪಿಗೂ ಅಂಟುಪಟ್ಟಿ ಸುತ್ತಿ ಅದರ ಹೆಸರು ಬರೆದ. ಆಮೇಲೆ ಎಲ್ಲವೂ ಫಳಫಳ ಹೊಳೆಯಬೇಕೆಂದು ಸೀಮೆಎಣ್ಣೆಯಲ್ಲಿ ಹಾಕಿ ತಿಕ್ಕಿದ. ಪೈಪುಗಳು ಹೊಳೆದವು. ಪಟ್ಟಿಗಳ ಮೇಲಿನ ಅಕ್ಷರ ಒಂದೂ ಉಳಿಯಲಿಲ್ಲ. ನೀರಿನ ಇಲಾಖೆಯಲ್ಲಿ ಜೀವಮಾನವಿಡೀ ಪೈಪು ನೋಡಿದವನ ಬುದ್ಧಿ ಇದು.

ವಸಂತದಲ್ಲಿ ಎಂಜಿನ್ ಕೂರಿಸಿದ ಮೇಲೆ ನೋಡಿದರೆ, ಹಿಂದಿನ ಟ್ಯಾಂಕಿನಿಂದ ಬಂದ ಮೂರು ಕಬ್ಬಿಣದ ಪೈಪುಗಳು ಬಾನೆಟ್ಟಿನ ಕೆಳಗೆ ತಲೆಯೆತ್ತಿ ನಿಂತಿವೆ. ಯಾವುದು ಎಲ್ಲಿಗೆ ಎಂದು ದೇವರಿಗೇ ಗೊತ್ತು. ಡ್ವೈಟ್ ಮರ್ಲ್‌ನನ್ನು ಕರೆಸಿದ. ಮರ್ಲ್ ಟಾರ್ಚು ಹಿಡಿದು ಹೆರಿಗೆ ಡಾಕ್ಟರನ ಹಾಗೆ ಬಗ್ಗಿ ನೋಡಿದ.

"ದಪ್ಪಂದು ಪೆಟ್ರೋಲು ಬರೋದು, ಪಂಪಿಗೆ ಹಾಕು. ಇದು ಹೆಚ್ಚಾದ ಪೆಟ್ರೋಲು ಟ್ಯಾಂಕಿಗೆ ವಾಪಸ್ ಹೋಗೋದು, ಫಿಲ್ಟರಿಗೆ ಹಾಕು. ಈ ಮೂರನೇದಕ್ಕೆ ರಬ್ಬರ್ ಟೋಪಿ ಹಾಕಿ ಮುಚ್ಬಿಡು."

"ಟೋಪಿ ಹಾಕಕ್ಕೇನಾ ಅಷ್ಟುದ್ದ ಪೈಪು ಎಳ್ದಿರೋದು?" ಎಂದು ನಾನು ಕೇಳಿದೆ.

"ಕಾರ್ಖಾನೇಲೇ ಹಂಗೆ ಬಂದಿರೋದು ತಾಯಿ. ನನ್ನ ಗಾಡೀಲೂ ಹಂಗೇ ಇದೆ."

"ಮತ್ತೆ ಈ ಕರೀ ಡಬ್ಬಿ? ಇದಕ್ಕೂ ಒಂದು ಬಾಯಿ ಇದೆ, ಯಾವ ಪೈಪೂ ಬಂದಿಲ್ಲ."

"ಅದ್ರೊಳಗೆ ಇದ್ದಿಲು ಇರೋದು. ಅದು ಸುಮ್ನೆ ಅಂದಕ್ಕೆ."

ಇದ್ದಿಲು ಅಂದಕ್ಕೆ! ನಾನು ಕಾಫಿ ಮಾಡುವ ನೆಪದಲ್ಲಿ ಒಳಗೆ ಹೋಗಿ ನಕ್ಕುಬಂದೆ.

ಸಂಘದಲ್ಲಿ ಕಾರ್ಖಾನೆಯ ಮೂಲ ರೂಪ ಅಂದರೆ ಮರ್ಲ್‌ನ ಕಾರು, ಮರ್ಲ್‌ನ ಕಾರು ಅಂದರೆ ಮೂಲ ರೂಪ. ಯಾರ ಕಾರು ಕಾರ್ಖಾನೆಯಿಂದ ಬಂದ ಹಾಗೇ ಇದೆ ಎಂದು ಪ್ರತಿ ಜುಲೈನಲ್ಲಿ ನಡೆಯುವ ಸ್ಪರ್ಧೆಯಲ್ಲಿ ಅಂಕ ಕೊಡುವವನೂ ಅವನೇ. ಯಾರಿಗೆ ಅನುಮಾನ ಬಂದರೂ ಅವನ ಬಾನೆಟ್ ಎತ್ತಿ ನೋಡಿಕೊಂಡು ಹೋಗಿ ಹಾಗೇ ಮಾಡುತ್ತಿದ್ದರು. ಮರ್ಲ್‌ಗೆ ಅನುಮಾನ ಬಂದರೆ ಅವನು ಬೇರೆಯವರ ಬಾನೆಟ್ ಎತ್ತಿ ನೋಡುತ್ತಿದ್ದ.

ಮರ್ಲ್ ಹೋದ ಮೇಲೆ ಡ್ವೈಟ್ ಬಹಳ ಹೊತ್ತು ಆ ಮೂರನೇ ಪೈಪನ್ನೇ ನೋಡುತ್ತ ನಿಂತ. ಆಮೇಲೆ ಸೈಕಲ್ ಪಂಪು ತಂದ.

"ಹಿಂದೆ ಹೋಗಿ ಟ್ಯಾಂಕಿನ ಬಾಯಿಗೆ ಕಿವಿ ಕೊಡು," ಎಂದ.

"ಈ ವಯಸ್ಸಲ್ಲಿ ಇದೊಂದು ಬಾಕಿ ಇತ್ತು ನನಗೆ."

ಮೊದಲ ಪೈಪಿಗೆ ಗಾಳಿ ಹೊಡೆದ. ಟ್ಯಾಂಕಿನ ತಳದಲ್ಲಿ ಗುಳುಗುಳು ಸದ್ದಾಯಿತು. ಎರಡನೆಯದಕ್ಕೂ ಗುಳುಗುಳು. ಮೂರನೆಯದರ ಟೋಪಿ ತೆಗೆದು ಹೊಡೆದಾಗ ಒಂದು ಗುಳ್ಳೆಯ ಸದ್ದೂ ಇಲ್ಲ, ಪೆಟ್ರೋಲ್ ವಾಸನೆಯ ಗಾಳಿ ಮಾತ್ರ ನನ್ನ ಮುಖಕ್ಕೆ ಬಡಿಯಿತು.

"ಇದು ಪೆಟ್ರೋಲಿನ ತನಕ ಮುಟ್ಟೋದೇ ಇಲ್ಲ ಕಣೋ. ಮೇಲಿಂದ ಮೇಲೇ ಇದೆ."

ಡ್ವೈಟನ ಮುಖ ಅರಳಿತು. "ಆವಿ ಹೋಗೋ ದಾರಿ ಕಣೇ ಇದು! ಬಿಸಿಲಿಗೆ ಎದ್ದ ಆವಿ ಇದ್ರಲ್ಲಿ ಬಂದು ಆ ಇದ್ದಿಲಲ್ಲಿ ಹಿಡ್ಕೊಳುತ್ತೆ. ಪೆಟ್ರೋಲು ಖಾಲಿಯಾದಷ್ಟೂ ಇದೇ ದಾರೀಲಿ ಗಾಳಿ ಒಳಗೆ ಹೋಗುತ್ತೆ. ಇದಕ್ಕೆ ಟೋಪಿ ಹಾಕಿ ಮುಚ್ಚಿದ್ರೆ ಟ್ಯಾಂಕಿಗೆ ಗಾಳಿ ಎಲ್ಲಿಂದ ಬರ್ಬೇಕು? ಅದಕ್ಕೇ ಕೆಮ್ಮೋದು!"

"ಅಂದ್ರೆ ಬೇಟೆನಾಯಿ ಮೂಗು ಹಿಡ್ಕೊಂಡು ಓಡಿಸ್ತಿದ್ರಿ ನೀವೆಲ್ಲ."

ರಬ್ಬರ್ ಟೋಪಿ ಬದಿಗೆಸೆದು, ಕರೀ ಡಬ್ಬಿಗೆ ಹೊಸ ಮೆದುಪೈಪು ಹಾಕಿ, ಕ್ಲಿಪ್ಪು ಬಿಗಿದ. ಆ ಮಧ್ಯಾಹ್ನ ಅವನು ಶಿಳ್ಳೆ ಹೊಡೆದದ್ದು ಕೇಳಿ ನನಗೆ ಅಳು ಬಂತು. ಎಷ್ಟು ಕಾಲವಾಗಿತ್ತೋ.

ಬೇಸಿಗೆಯ ಮೊದಲ ಭಾನುವಾರ ಗೋದಾಮು ಬಂದಾಗ ನಮ್ಮ ಕಾರು ಕೆಮ್ಮಲಿಲ್ಲ. ಮುಂದಿದ್ದವರೆಲ್ಲ ಬದಿಗೆ ಸರಿದರು, ಮರ್ಲ್ ಕೈ ಅಡ್ಡ ಹಿಡಿದು ನಿಲ್ಲಿಸಿ ಎಂದು ಸನ್ನೆ ಮಾಡಿದ. ಡ್ವೈಟ್ ಹಾರ್ನ್ ಹೊಡೆದು, ಕೈ ಬೀಸಿ, ಮದುವೆ ದಿಬ್ಬಣದವನ ಹಾಗೆ ಮುಂದೆ ಹೋದ. ಕೆರೆಯ ಹೋಟೆಲಿನಲ್ಲಿ ನಾವಿಬ್ಬರೇ ಪೈ ತಿಂದು ಮುಗಿಸಿ, ಎರಡನೇ ಸಲ ಕಾಫಿ ಕುಡಿದು, ಬಿಲ್ಲಿಗೂ ಹೇಳಿದ ಮೇಲೆ ಉಳಿದವರು ಬಂದರು.

ಡ್ವೈಟ್ ಎದ್ದು ನಿಂತು ಮೂರನೇ ಪೈಪಿನ ಕಥೆ ಶುರು ಮಾಡಿದ. ಯಾರೂ ಜಗಳ ಆಡಲಿಲ್ಲ. ನಮ್ಮ ಕಡೆ ಜನ ಜಗಳ ಆಡುವುದಿಲ್ಲ, ಮರ್ಯಾದೆಯಿಂದ ಕೊಲ್ಲುತ್ತಾರೆ. "ಒಳ್ಳೇದಾಯ್ತು ಡ್ವೈಟ್. ನಿಮ್ಮ ಗಾಡಿ ಓಡುತ್ತೆ," ಎಂದು ಒಬ್ಬ ಹೇಳಿದ, ಕಾಯಿಲೆಯವನ ಮನೆಯವರಿಗೆ ಹೇಳುವ ದನಿಯಲ್ಲಿ. ಆಮೇಲೆ ಎಲ್ಲರೂ ದೂರದ ದೊಡ್ಡ ಮೇಜಿಗೆ ಹೋಗಿ ಕೂತು, ಗೋದಾಮಿನ ಹತ್ತಿರ ಏನೋ ನಡೆದದ್ದನ್ನು ನೆನೆಸಿಕೊಂಡು ಬಿದ್ದು ಬಿದ್ದು ನಕ್ಕರು. ಏನು ನಡೆಯಿತೆಂದು ನಮಗೆ ಗೊತ್ತಿರಲಿಲ್ಲ. ನಾವು ಅಲ್ಲಿರಲಿಲ್ಲವಲ್ಲ.

ಜುಲೈ ಸ್ಪರ್ಧೆಯಲ್ಲಿ ಮರ್ಲ್ ನಮ್ಮ ಬಾನೆಟ್ಟಿನೊಳಗೆ ಇಣುಕಿ, ಕರೀ ಡಬ್ಬಿಗೆ ಹೋದ ಪೈಪನ್ನು ಬೆರಳಿನಿಂದ ತಟ್ಟಿ, 'ಮೂಲ ರೂಪವಲ್ಲ' ಎಂದು ಅಂಕ ಕಳೆದ. ಸಂಘದಿಂದ ಫೋನು ಬರುವುದು ಕಮ್ಮಿಯಾಯಿತು, ಆಮೇಲೆ ನಿಂತಿತು. ಡ್ವೈಟ್ ಮತ್ತೆ ಕಿಟಕಿಗೆ ಬಂದ.

"ಆ ಹಾಳು ಟೋಪೀನ ವಾಪಸ್ ಹಾಕ್ಬಿಡು ಮಾರಾಯ," ಎಂದೆ ಒಂದು ದಿನ. ಸರಿಯಾದ್ದು ನನಗೇನು ಉಪ್ಪಿನಕಾಯಿಗಾ? ನನಗೆ ಬೇಕಾದದ್ದು ಗಂಡನ ಬಾಯಲ್ಲಿ ನಾಲ್ಕು ಮಾತು.

"ಸರಿ ಇರೋದನ್ನ ತಪ್ಪು ಮಾಡಕ್ಕೆ ನನ್ನ ಕೈ ಬರಲ್ಲ ಲೋರ್ನಾ," ಎಂದ.

ಆದರೆ ಆಗಸ್ಟಿನ ಒಂದು ಭಾನುವಾರ ತಾನಾಗಿಯೇ ಕಾರು ತೆಗೆದ. ಸಾಲಿನ ಕೊನೆಯಲ್ಲಿ ಸೇರಿಕೊಂಡ. ಗೋದಾಮು ಬಂತು. ಕಾರು ಹಾಲು ಕುಡಿದ ಮಗುವಿನ ಹಾಗೆ ಹಾಯಾಗಿತ್ತು. ಡ್ವೈಟ್ ಬೇಕೆಂದೇ ಕ್ಲಚ್ಚು ಬಿಟ್ಟು ಹಿಡಿದು, ಎರಡು ಸಲ ಜಗ್ಗಿಸಿ, ಬದಿಗೆ ನಿಲ್ಲಿಸಿದ.

"ಏನಾಯ್ತೋ? ಟೋಪಿ ಹಾಕಿದ್ಯಾ?"

"ಇಲ್ಲ. ಪೈಪು ಹಂಗೇ ಇದೆ. ನೀನು ಸುಮ್ನಿರು."

ಇಳಿದು ಹೋಗಿ ಮುಚ್ಚಳ ತಿರುಗಿಸಿದ. ಸದ್ದು ಬರುವ ಮಾತೇ ಇರಲಿಲ್ಲ. ನೀರಿನ ಇಲಾಖೆಯ ನಿವೃತ್ತ ಮೇಲ್ವಿಚಾರಕ, ನನ್ನ ಗಂಡ, ಹಲ್ಲಿನ ಸಂದಿಯಲ್ಲಿ "ಉಸ್ಸ್" ಎಂದ. ಮರ್ಲ್ ಬಂದು ಅವನ ಬೆನ್ನು ತಟ್ಟಿದ. ಮಿಕ್ಕವರೂ ಬಂದರು. ಒಬ್ಬ ಸಿಗರೇಟು ಕೊಟ್ಟ.

ನನಗೆ ನಾಚಿಕೆಯಾಗಿ ಕಾಫಿ ಫ್ಲಾಸ್ಕು ಹಿಡಿದು ಸಾಲಿನುದ್ದಕ್ಕೂ ನಡೆದುಬಿಟ್ಟೆ. ಹೋಗುತ್ತ ಕಿವಿಗೆ ಒಂದು ವಿಚಿತ್ರ ಬಿತ್ತು. ಉಸ್ಸ್, ಉಸ್ಸ್ ಎಂಬ ಸದ್ದು ಬರುತ್ತಿದ್ದದ್ದು ಟ್ಯಾಂಕುಗಳ ಎತ್ತರದಿಂದಲ್ಲ, ಮೀಸೆಗಳ ಎತ್ತರದಿಂದ. ತನ್ನ ಕಾರಿನ ಹತ್ತಿರ ವಾಪಸು ಬಂದಿದ್ದ ಮರ್ಲ್‌ನ ಬೆನ್ನ ಹಿಂದೆ ಹೋಗಿ ನಿಂತೆ. ಅವನು ಮುಚ್ಚಳ ತಿರುಗಿಸಿ, ತುಟಿ ಚೂಪು ಮಾಡಿ ಉಸ್ಸೆಂದ. ತಿರುಗಿ ನನ್ನನ್ನು ನೋಡಿ ಬೆಳ್ಳಗಾದ.

"ನಿಮ್ದೂನಾ?" ಎಂದೆ.

"ಎಷ್ಟೋ ವರ್ಷ ಆಯ್ತು ತಾಯಿ. ಮನೆಗೆ ಹೋದ್ಮೇಲೆ ಪೈಪು ಡಬ್ಬಿಗೆ ಹಾಕ್ತೀನಿ, ಭಾನುವಾರ ಇಲ್ಲಿಗೆ ಬರೋವಾಗ ಬಾನೆಟ್ ಎತ್ತಿದ್ರೆ ಕಾಣ್ಲಿ ಅಂತ ಟೋಪಿ. ಗಾಳಿ ಹೋಗ್ಲಿ ಅಂತ ಟೋಪಿಗೆ ಸೂಜೀಲಿ ತೂತು ಮಾಡಿದೀನಿ." ಅವನು ಅತ್ತಿತ್ತ ನೋಡಿದ. "ಇವ್ರಿಗೆ ಹೇಳ್ಬೇಡ, ಪಾಪ, ಇನ್ನೂ ನಂಬ್ಕೊಂಡಿದಾರೆ."

"ಮತ್ತೆ ನಮ್ಮವನ ಅಂಕ ಯಾಕೆ ಕಳೆದ್ರಿ?"

"ಇನ್ನೇನ್ ಮಾಡ್ಲಿ? ಎಲ್ರೂ ನಿನ್ನ ಗಂಡನ ಹಂಗೆ ಹಾರ್ನ್ ಹೊಡ್ಕೊಂಡು ಹೋಗ್ಬಿಟ್ರೆ ನಾನು ಯಾರತ್ರ ಮಾತಾಡ್ಲಿ? ಮನೇಲಿ ಟೀವಿ ಹತ್ರಾನಾ? ಕಾರಲ್ಲಿ ಒಬ್ಬೊಬ್ರೇ, ಹೋಟೆಲಲ್ಲಿ ಬಾಯ್ತುಂಬ ಪೈ. ಎಲ್ರೂ ಮಾತಿಗೆ ಸಿಗೋದು ಇದೊಂದೇ ಜಾಗ."

ಅವನ ಹೆಂಡತಿ ತೀರಿಕೊಂಡದ್ದು ನನಗೆ ಗೊತ್ತಿತ್ತು. ಬಯ್ಯುವ ಬದಲು ಲೋಟಕ್ಕೆ ಕಾಫಿ ಬಗ್ಗಿಸಿ ಕೊಟ್ಟೆ.

ಅಷ್ಟರಲ್ಲಿ ಸಾಲಿನ ಮಧ್ಯದಿಂದ ನಿಜವಾದ ಸದ್ದು ಕೇಳಿಸಿತು, ಪ್ರೆಶರ್ ಕುಕ್ಕರಿನ ಹಾಗೆ ಉದ್ದಕ್ಕೆ. ಕರ್ಟಿಸ್ ಎಂಬ ಹೊಸ ಸದಸ್ಯನ ಕಾರು. ಪಾಪ, ಮರ್ಲ್ ಹೇಳಿಕೊಟ್ಟ ಹಾಗೇ ಜೋಡಿಸಿದ್ದ. ಗಂಡಸರೆಲ್ಲ ಅಲ್ಲಿಗೆ ಓಡಿ, ತೊಟ್ಟಿಲು ನೋಡಲು ಬಂದವರ ಹಾಗೆ ಸುತ್ತ ನಿಂತರು. "ಕೇಳಿ, ಕೇಳಿ, ಏನ್ ಉಸಿರು!" ಎನ್ನುತ್ತಿದ್ದವನು ಡ್ವೈಟ್. ಕೈ ಅಗಲಿಸಿ ತನ್ನಪ್ಪನ ಕಾರಿನ ಯಾವುದೋ ಕಥೆ ಹೇಳುತ್ತಿದ್ದ, ಮಿಕ್ಕವರು ಅವನ ಬಾಯನ್ನೇ ನೋಡುತ್ತಿದ್ದರು.

ಕರ್ಟಿಸನ ಹೆಂಡತಿ ಬೆವ್ ಬಿಸಿಲಿಗೆ ಮುಖ ಕೆಂಪು ಮಾಡಿಕೊಂಡು ನನ್ನ ಹತ್ತಿರ ಬಂದಳು. "ಪ್ರತಿ ಭಾನುವಾರಾನೂ ಇದೇ ಗೋಳಾ ಅಕ್ಕಾ? ಇದಕ್ಕೆ ರಿಪೇರಿನೇ ಇಲ್ವಾ?"

ನಾನು ಒಂದು ಗಳಿಗೆ ಡ್ವೈಟನ ಕಡೆ ನೋಡಿದೆ.

"ಇಲ್ಲಮ್ಮ," ಎಂದೆ. "ಹಾರ್ಲನ್ ತಳೀನೇ ಹಂಗೆ."